ಮನೆ ಹೇಗಿದೆ, ಸಾರ್ಜೆಂಟ್?

ಬೆಳಗಿನ ಸಾಲಿನಲ್ಲಿ ಕ್ಯಾಪ್ಟನ್ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಮನೆ ಹೇಗಿದೆ?"

"ಚೆನ್ನಾಗಿದೆ ಸರ್."

"ಮನೆ ಹೇಗಿದೆ?"

"ಚೆನ್ನಾಗಿದೆ ಸರ್."

ಹೊಸದಾಗಿ ಬಂದವರು ಇದನ್ನು ಉಭಯಕುಶಲೋಪರಿ ಎಂದುಕೊಂಡು ಹಲ್ಲು ಕಿರಿಯುವುದುಂಟು. ಉಭಯಕುಶಲೋಪರಿ ಖಂಡಿತ ಅಲ್ಲ. ಯುದ್ಧ ಮುಗಿದ ಪರದೇಶವೊಂದರಲ್ಲಿ ನೆಲದೊಳಗೆ ಉಳಿದುಹೋದ ಬಾಂಬುಗಳನ್ನು ಹುಡುಕಿ ತೆಗೆಯುವುದು ಆ ತುಕಡಿಯ ಕೆಲಸ. ಮಂಡಿಯೂರಿ ಕೂತು, ಉದ್ದನೆಯ ಕಡ್ಡಿಯಿಂದ ಮಣ್ಣನ್ನು ಓರೆಯಾಗಿ ಚುಚ್ಚಿ ನೋಡಿ, ಬ್ರಷ್ಷಿನಿಂದ ಚೂರು ಚೂರೇ ಗುಡಿಸಬೇಕು. ಆಗ ತಲೆಯಲ್ಲಿ ಮಣ್ಣು ಬಿಟ್ಟು ಬೇರೇನೂ ಇರಕೂಡದು. ಮನೆಯಲ್ಲಿ ಏನಾದರೂ ಸರಿಯಿಲ್ಲದಿದ್ದರೆ "ಚೆನ್ನಾಗಿಲ್ಲ" ಎಂದರೆ ಸಾಕು, ಅಂಥವರು ಆ ದಿನ ಫೀಲ್ಡಿಗೆ ಹೋಗುವಂತಿಲ್ಲ. ಯಾಕೆ ಏನು ಎಂದು ಯಾರೂ ಕೇಳುವಂತೆಯೂ ಇಲ್ಲ. ಕ್ಯಾಪ್ಟನ್ ತಾವೇ ಮಾಡಿ, ತಾವೇ ಕಾಯುತ್ತಿದ್ದ ನಿಯಮ ಅದು.

ನಮ್ಮ ಸಾರ್ಜೆಂಟ್ ಆ ಸಾಲಿನಲ್ಲೇ ಗಟ್ಟಿಗಿತ್ತಿ. ಜ್ವರ ಬಂದಿರಲಿ, ಗಂಟಲು ಕಟ್ಟಿರಲಿ, ಅವಳ "ಚೆನ್ನಾಗಿದೆ ಸರ್" ಎಲ್ಲರಿಗಿಂತ ಜೋರಾಗಿ ಕೇಳಿಸುತ್ತಿತ್ತು. ಆ ಬೆಳಿಗ್ಗೆ ಮಾತ್ರ ಅವಳು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳಲು ನೋಡಿದಳು, ಕೊಂಡಿ ಸಿಗಲಿಲ್ಲ. ಮತ್ತೆ ನೋಡಿದಳು. ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ.

"ಮನೆ ಹೇಗಿದೆ, ಸಾರ್ಜೆಂಟ್?"

"ಚೆನ್ನಾಗಿಲ್ಲ ಸರ್."

ಪಕ್ಕದಲ್ಲಿ ನಿಂತಿದ್ದ ರೇಡಿಯೋ ಹುಡುಗಿ ಕತ್ತು ಉಳುಕುವ ಹಾಗೆ ತಿರುಗಿ ನೋಡಿದಳು. ಕ್ಯಾಪ್ಟನ್ ಹುಬ್ಬು ಕೂಡ ಏರಿಸಲಿಲ್ಲ.

"ಸರಿ. ಹೆಲ್ಮೆಟ್ ಗಾಜುಗಳನ್ನೆಲ್ಲ ತೊಳೆದಿಡು."

ಮುಖದ ಮುಂದೆ ಇಳಿಬಿಡುವ ಆ ಗಾಜುಗಳನ್ನು ಅವಳು ಬಕೆಟ್ಟಿನ ಮುಂದೆ ರಾಶಿ ಹಾಕಿಕೊಂಡು ಕೂತಳು. ಕೈ ತಾನಾಗಿಯೇ ಮೊದಲು ನೀರು ಸುರಿಯಿತು, ಆಮೇಲೆ ಮೆತ್ತನೆಯ ಬಟ್ಟೆ ಹುಡುಕಿತು. "ಒಣ ಬಟ್ಟೇಲಿ ಉಜ್ಜಿದ್ರೆ ಗೀರು ಬೀಳುತ್ತೆ ಕಣೇ, ಮೊದಲು ನೀರು ಹಾಕು" ಎಂದು ಒಂದು ಕಾಲದಲ್ಲಿ ಬೆನ್ನ ಹಿಂದೆ ನಿಂತು ಕಲಿಸಿದವನು ಅವಳ ಗಂಡ. ಇನ್ನೇನು ಕೆಲವೇ ವಾರಗಳಲ್ಲಿ ಗಂಡನಲ್ಲದವನಾಗಲಿರುವವನು. ಅವನು ಕಲಿಸಿದ್ದು ಮಾತ್ರ ಇನ್ನೂ ಕೈಯಲ್ಲೇ ಕೂತಿದೆಯಲ್ಲ ಎಂದು ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟಿನಲ್ಲೇ ಇನ್ನಷ್ಟು ನಾಜೂಕಾಗಿ ಒರೆಸಿದಳು.

ಅವನದು ಕನ್ನಡಕದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಸೈನ್ಯದವರು ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಾ ಎಂದಿದ್ದರಿಂದ ಅವಳು ಮೊದಲ ಸಲ ಅಲ್ಲಿಗೆ ಹೋಗಿದ್ದು.

"ಗಲ್ಲ ಇಲ್ಲಿಡಿ. ಹಣೆ ತಾಗಿಸಿ. ಹ್ಞಾಂ. ಈಗ ನನ್ನ ಬಲಗಿವಿ ನೋಡಿ."

"ಕಿವೀನಾ, ಡಾಕ್ಟ್ರೇ?"

"ನಾನು ಡಾಕ್ಟರ್ ಅಲ್ಲ. ಕಿವಿ ನೋಡಿದ್ರೆ ಕಣ್ಣು ನೇರವಾಗಿ ನಿಲ್ಲುತ್ತೆ. ಅಲುಗಾಡಬೇಡಿ."

ಅವನು ಪುಟ್ಟ ಟಾರ್ಚ್ ಹಿಡಿದು ಅವಳ ಕಣ್ಣೊಳಗೆ ಬಗ್ಗಿ ನೋಡಿದ. ಅವಳು ಆ ಕಿವಿಯನ್ನು ನೋಡಿದಳು. ಸಾಧಾರಣವಾದ ಕಿವಿ, ಸ್ವಲ್ಪ ಅಗಲ, ತುದಿಯಲ್ಲೊಂದು ಮಚ್ಚೆ. ಇಷ್ಟು ಹತ್ತಿರದಿಂದ ಅವಳು ಯಾರ ಕಿವಿಯನ್ನೂ ನೋಡಿದವಳಲ್ಲ.

"ಇನ್ನೂ ಮುಗೀಲಿಲ್ವಾ?"

"ಇನ್ನು ಸ್ವಲ್ಪ ಇದೆ."

ಇನ್ನೇನೂ ಇರಲಿಲ್ಲ, ಪರೀಕ್ಷೆ ಆಗಲೇ ಮುಗಿದಿತ್ತು. ಸುಳ್ಳು ಹೇಳಿದ ಕೂಡಲೇ ಅವನ ಕಿವಿ ತುದಿಯಿಂದ ಬುಡದವರೆಗೆ ಕೆಂಪಾಯಿತು.

"ನಿಮ್ಮ ಕಿವಿ ಕೆಂಪಾಗ್ತಿದೆ," ಎಂದಳು.

"ಮಾತಾಡಬೇಡಿ, ಕಣ್ಣು ಅಲುಗುತ್ತೆ."

"ನೀವೇ ತಾನೆ ಕಿವಿ ನೋಡಿ ಅಂದಿದ್ದು?"

ಅವನು ಟಾರ್ಚ್ ಆರಿಸಿ, ಕುರ್ಚಿ ಹಿಂದಕ್ಕೆ ಸರಿಸಿ, ಕೆಮ್ಮಿದ. "ಕಣ್ಣಲ್ಲಿ ಏನೂ ತೊಂದರೆ ಇಲ್ಲ. ಆದ್ರೂ ಮುಂದಿನ ವಾರ ಒಂದ್ಸಲ ಬಂದ್ಬಿಡಿ."

"ತೊಂದರೆ ಇಲ್ಲ ಅಂದ್ಮೇಲೆ ಯಾಕೆ?"

"ಖಾತ್ರಿ ಮಾಡ್ಕೊಳ್ಳೋದು ಒಳ್ಳೇದು."

ಕಿವಿ ಮತ್ತೆ ಕೆಂಪಾಯಿತು. ಅವಳು ಮುಂದಿನ ವಾರವೂ ಹೋದಳು, ಅದರ ಮುಂದಿನ ವಾರವೂ ಹೋದಳು. ಕಣ್ಣಿನಲ್ಲಿ ಯಾವ ದೋಷವೂ ಇಲ್ಲದೆ ಅಷ್ಟು ಸಲ ಕಣ್ಣು ತೋರಿಸಿಕೊಂಡವರು ಆ ಬೀದಿಯಲ್ಲಿ ಇನ್ನೊಬ್ಬರಿಲ್ಲ.

ಮದುವೆಯಾದ ಮೇಲೆ ಆ ಕಿವಿಯಿಂದ ಅವನಿಗೆ ಬಹಳ ಕಷ್ಟವಾಯಿತು. ಅವಳು ಮಾಡಿದ ಅಡುಗೆ ಚೆನ್ನಾಗಿದೆ ಎಂದರೆ ಕೆಂಪು. ಅವಳ ತವರಿನವರು ಇನ್ನೂ ನಾಲ್ಕು ದಿನ ಇರಲಿ ಎಂದರೆ ಕೆಂಪು. ಅತ್ತೆಯೂ ಈ ಗುಟ್ಟನ್ನು ಸೊಸೆಯಿಂದಲೇ ಕಲಿತು, "ಎಲ್ಲಿ, ಕಿವಿ ತೋರಿಸು" ಎಂದು ಮಗನ ಹಿಂದೆ ಬೀಳುತ್ತಿದ್ದರು. ಅವನಾದರೂ ಸುಮ್ಮನಿರುತ್ತಿದ್ದನೇ? ಅವಳ ರೆಪ್ಪೆ ಎತ್ತಿ ನೋಡಿ, "ಸಾರ್ಜೆಂಟ್ ಮೇಡಂ ನಿನ್ನೆ ನಿದ್ದೆ ಮಾಡಿಲ್ಲ, ಯಾರ ಮೇಲೋ ಹಲ್ಲು ಕಡೀತಿದ್ದಾರೆ" ಎಂದು ಷರಾ ಬರೆದವನಂತೆ ಹೇಳಿಬಿಡುತ್ತಿದ್ದ. ಒಬ್ಬರಿಂದೊಬ್ಬರು ಏನನ್ನಾದರೂ ಮುಚ್ಚಿಡಲು ಆ ಮನೆಯಲ್ಲಿ ಜಾಗವೇ ಇರಲಿಲ್ಲ.

ಅವಳಿಗೆ ಪರದೇಶದ ಡ್ಯೂಟಿ ಬಂದಾಗ ಹೊರಡುವ ಮೊದಲು ಕ್ಯಾಪ್ಟನ್ ಎಲ್ಲರ ಮನೆಯವರನ್ನೂ ಒಂದು ದೊಡ್ಡ ಕೋಣೆಯಲ್ಲಿ ಕೂರಿಸಿ ಮಾತಾಡಿದ್ದರು. "ನಿಮ್ಮವರು ಬಾಂಬ್ ಮುಂದೆ ಕೂತಾಗ ಕೈ ನಡುಗಬಾರದು. ಕೈ ನಡುಗಿಸೋದು ಬಾಂಬ್ ಅಲ್ಲ, ಮನೆ ಯೋಚನೆ. ಮನೆ ಚೆನ್ನಾಗಿರಬೇಕು." ಕೆಲವರು ತಲೆ ಅಲ್ಲಾಡಿಸಿದರು, ಕೆಲವರು ಮೂಗು ಒರೆಸಿಕೊಂಡರು. ಅವಳ ಗಂಡ ಮಾತ್ರ ಪ್ರಮಾಣವಚನ ತೆಗೆದುಕೊಳ್ಳುವವನಂತೆ ನೆಟ್ಟಗೆ ಕೂತು ಕೇಳಿದ. ಅವಳು ಅದನ್ನು ನೋಡಿ ನಕ್ಕಿದ್ದಳು.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಆಮೇಲಾಮೇಲೆ ವಿಡಿಯೋದಲ್ಲಿ ಅವನು ತಲೆಗೆ ಭಾರೀ ಹೆಡ್‌ಫೋನ್ ಹಾಕಿಕೊಂಡು ಬರತೊಡಗಿದ.

"ಇದೇನೋ ಇದು, ವಿಮಾನ ಓಡಿಸೋಕೆ ಹೊರಟಿದೀಯಾ?"

"ನಿನ್ನ ಮಾತು ಸ್ಪಷ್ಟವಾಗಿ ಕೇಳ್ಲಿ ಅಂತ ಕಣೇ."

ಕಿವಿಗಳೆರಡೂ ಒಳಗೆ. ಬೆನ್ನ ಹಿಂದೆ ಯಾವಾಗಲೂ ಅದೇ ನೀಲಿ ಗೋಡೆ. ಮುಖದ ತುಂಬ ನಗು. ಅಡುಗೆಮನೆ ನಲ್ಲಿ? ಸೂಪರ್. ಅಂಗಡಿ? ಸೂಪರ್. ಅಮ್ಮ? ಸೂಪರ್, ನೋಡು ಬೇಕಾದ್ರೆ ಎಂದು ಫೋನ್ ತಿರುಗಿಸಿದರೆ, ಅತ್ತೆ ಕಾಲ ಮೇಲೆ ಶಾಲು ಹೊದ್ದು ಕುರ್ಚಿಯಲ್ಲಿ ಕೂತು ಕೈ ಬೀಸುತ್ತಿದ್ದರು. ಮುಂಚೆಯೆಲ್ಲ ಮಗನ ಕೈಯಿಂದ ಫೋನ್ ಕಿತ್ತುಕೊಂಡು, ಅಡುಗೆಮನೆಯಿಂದ ಹಿತ್ತಿಲವರೆಗೆ ಓಡಾಡುತ್ತಾ ಗಿಡ ಗಿಡವನ್ನೂ ತೋರಿಸುತ್ತಿದ್ದ ಹೆಂಗಸು ಈಗ ಎದ್ದು ಕೂಡ ಬರುತ್ತಿರಲಿಲ್ಲ. ಅತ್ತೆಗೂ ನಾನು ಹಳಬಳಾದೆ ಎಂದುಕೊಂಡಳು.

ಮನೆಯಿಂದ ದೂರ ಇದ್ದವರಿಗೆ ಮನೆ ಚೆನ್ನಾಗಿರಲಿ ಎಂಬ ಆಸೆ ಇರುತ್ತದೆ. ತಾನಿಲ್ಲದೆ ಒಂದು ಚೂರಾದರೂ ಕೆಟ್ಟಿರಲಿ ಎಂಬ ಆಸೆಯೂ ಇರುತ್ತದೆ. ಅವಳ ಎರಡನೆಯ ಆಸೆಗೆ ಅಲ್ಲಿ ಜಾಗವೇ ಇರಲಿಲ್ಲ. ಅವಳು ಬಿಟ್ಟು ಬಂದ ಮೇಲೆ ಆ ಮನೆಯಲ್ಲಿ ಒಂದು ಚಮಚವೂ ಕೆಳಗೆ ಬಿದ್ದಂತಿರಲಿಲ್ಲ.

ಒಂದು ದಿನ ಫೀಲ್ಡಿನಲ್ಲಿ ಜೊತೆಗಾರನೊಬ್ಬನ ಪಾದ ಹೋಯಿತು. ಅದೇ ವಾರ ಮೇಲಿನವರು, ಡ್ಯೂಟಿ ಮುಗಿದ ಮೇಲೆ ಇನ್ನೊಂದು ವರ್ಷ ಇರುತ್ತೀಯಾ, ಯೋಚಿಸಿ ಹೇಳು ಎಂದು ಅವಳನ್ನು ಕೇಳಿದರು. ಅವಳಿಗೆ ಬೇಕಿದ್ದದ್ದು ಇಷ್ಟೇ, ಅವನು ಒಂದೇ ಒಂದು ಸಲ "ಸಾಕು, ಬಂದ್ಬಿಡು" ಎನ್ನಬೇಕಿತ್ತು.

"ಇನ್ನೊಂದು ವರ್ಷ ಇರ್ಲಾ?" ಎಂದು ಕೇಳಿದಳು.

"ಇರು ಕಣೇ, ನಿನಗೆ ಇಷ್ಟ ಇದ್ರೆ. ಇಲ್ಲಿ ಏನೂ ಕೊರತೆ ಇಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ. ಎಲ್ಲಾ ಸೂಪರ್."

"ಹಾಗಾದ್ರೆ ನಾನ್ಯಾಕೆ? ಬೇರೆ ಆಗ್ಬಿಡೋಣ. ನೀನೂ ಆರಾಮ, ನಾನೂ ಆರಾಮ."

ಹೆಡ್‌ಫೋನ್ ಒಳಗಿನ ಮುಖದಲ್ಲಿ ನಗು ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಬಂತು. "ಅದರಿಂದ ನಿನಗೆ ನೆಮ್ಮದಿ ಆಗುತ್ತೆ ಅಂದ್ರೆ... ಆಗ್ಲಿ."

ಗಂಡನಾದವನು ಜಗಳಕ್ಕಾದರೂ ಬರಬಾರದೆ? ಬರಲಿಲ್ಲ. ಅವಳೂ ಹಟಮಾರಿ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವಳಿಗೆ ಹುಟ್ಟಿನಿಂದಲೇ ಇರಲಿಲ್ಲ. ವಕೀಲರು ಬಂದರು, ಇಬ್ಬರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹೋಯಿತು. ಜಡ್ಜ್ ಒಂದು ಸಲ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಕೆಲವು ತಿಂಗಳು ಯೋಚನೆ ಮಾಡಿ ಮತ್ತೆ ಬನ್ನಿ ಎಂದರು. ಅಷ್ಟೂ ತಿಂಗಳು ಅವಳು ಸಾಲಿನಲ್ಲಿ ನಿಂತು "ಚೆನ್ನಾಗಿದೆ ಸರ್" ಎಂದಳು. ಕೊನೆಗೆ ಎರಡನೆಯ ಸಲ ಕೇಳುವ ತಾರೀಕು ಬಂತು.

"ಡೇಟ್ ಬಂತು," ಎಂದಳು ಫೋನಿನಲ್ಲಿ.

"ನನಗೂ ಬಂತು. ಕೋರ್ಟಿಗೆ ಯಾವ ಶರ್ಟ್ ಹಾಕ್ಕೊಳ್ಲಿ?"

"ಮದುವೆದೇ ಹಾಕ್ಕೋ!" ಎಂದು ಕಟ್ ಮಾಡಿದಳು. ಮರುದಿನ ಬೆಳಿಗ್ಗೆಯೇ ಹೆಲ್ಮೆಟ್ಟಿನ ಕೊಂಡಿ ಸಿಗದೇ ಹೋಗಿದ್ದು.

ಮಾರನೆಯ ದಿನವೂ ಅವಳು ಚೆನ್ನಾಗಿಲ್ಲ ಎಂದಳು. ಅದರ ಮಾರನೆಯ ದಿನವೂ ಅದೇ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಕ್ಯಾಂಪಿನ ಗಾಜುಗಳೆಲ್ಲ ಫಳಫಳ ಹೊಳೆಯತೊಡಗಿದವು. "ಇಷ್ಟು ದಿನ ಕುರುಡರ ಹಾಗೆ ಕೆಲಸ ಮಾಡ್ತಿದ್ವಿ ಅಕ್ಕಾ" ಎಂದರು ಫೀಲ್ಡಿನಿಂದ ಬಂದವರು.

ಒಂದು ಮಧ್ಯಾಹ್ನ ಕ್ಯಾಪ್ಟನ್ ಬಂದು ಅವಳ ಪಕ್ಕದಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತರು.

"ಯಾಕೆ ಅಂತ ನಾನು ಕೇಳೋ ಹಾಗಿಲ್ಲ."

"ಗೊತ್ತು ಸರ್."

"ನೀನು ಹೇಳೋಕೆ ಅಡ್ಡಿ ಇಲ್ಲ."

"ಅದೂ ಗೊತ್ತು ಸರ್."

ಕ್ಯಾಪ್ಟನ್ ನಿಟ್ಟುಸಿರಿಟ್ಟು, ಸುಮ್ಮನೆ ಕೂರಲಾರದೆ ಒಂದು ಗಾಜು ಎತ್ತಿಕೊಂಡು ಕರ್ಚೀಫಿನಿಂದ ಉಜ್ಜಿದರು.

"ನೀರು ಹಾಕಿ ಸರ್!" ಎಂದು ಅವಳು ಗದರಿದಳು. ಗದರಿದ ಮೇಲೆ, ಇದು ಯಾರ ಮಾತು ಎಂದು ನೆನಪಾಗಿ ಮುಖ ತಿರುಗಿಸಿಕೊಂಡಳು. ಕ್ಯಾಪ್ಟನ್ ಗಾಜನ್ನು ಮೆಲ್ಲಗೆ ವಾಪಸ್ ಇಟ್ಟು ಎದ್ದುಹೋದರು.

ಸಂಜೆ ಟೆಂಟಿನಲ್ಲಿ ರೇಡಿಯೋ ಹುಡುಗಿ ಕೇಳಿದಳು, "ಅಕ್ಕಾ, ನೀವು ಫೀಲ್ಡಿಗೆ ಹೋಗ್ತಿಲ್ಲ ಅಂತ ಭಾವನಿಗೆ ಹೇಳಿದ್ರಾ?"

"ಅವನಿಗೆ ಯಾಕೆ ಹೇಳ್ಬೇಕು? ಹೇಳಿದ್ರೆ ಅದಕ್ಕೂ ಸೂಪರ್ ಅಂತಾನೆ."

ಕೋರ್ಟಿನ ದಿನ ಕ್ಯಾಂಪ್ ಆಫೀಸಿನ ತಗಡಿನ ಕೋಣೆಯಲ್ಲಿ ರೇಡಿಯೋ ಹುಡುಗಿ ಲ್ಯಾಪ್‌ಟಾಪ್ ಜೋಡಿಸಿಕೊಟ್ಟಳು. ಇವಳೇ ಆ ಸಾರ್ಜೆಂಟ್ ಎಂದು ಗುರುತು ಹೇಳಲು ಕ್ಯಾಪ್ಟನ್ ಮೂಲೆಯಲ್ಲಿ ಕೂತರು. ಪರದೆಯ ಮೇಲೆ ಕೋರ್ಟ್ ಹಾಲ್ ಮೂಡಿತು. ಕನ್ನಡಕವನ್ನು ಹಣೆಗೇರಿಸಿಕೊಂಡ ನಡುವಯಸ್ಸಿನ ಜಡ್ಜಮ್ಮ, ಫೈಲು ಹಿಡಿದ ಗುಮಾಸ್ತ, ಪಕ್ಕದಲ್ಲಿ ಅವನು.

ಮದುವೆಯ ಶರ್ಟೇ ಹಾಕಿಕೊಂಡು ಬಂದಿದ್ದ. ಸಿಟ್ಟಿನಲ್ಲಿ ಆಡಿದ ಮಾತನ್ನು ಹಾಗೇ ಪಾಲಿಸಿದ್ದ, ಪುಣ್ಯಾತ್ಮ. ಅದು ಅವನಿಗೆ ಎರಡು ಸೈಜ್ ದೊಡ್ಡದಾಗಿತ್ತು. ಒಂದು ಗುಂಡಿ ಇರಲಿಲ್ಲ, ಹೆಬ್ಬೆರಳಿಗೆ ಬ್ಯಾಂಡೇಜ್ ಇತ್ತು. ತಲೆಯ ಮೇಲೆ ಅದೇ ಹೆಡ್‌ಫೋನ್.

"ರೀ, ಅದನ್ನ ತೆಗೀರಿ," ಎಂದ ಗುಮಾಸ್ತ. "ಇದು ಕೋರ್ಟು."

"ಅವಳ ಮಾತು ಕೇಳ್ಲಿ ಅಂತ..."

"ಸ್ಪೀಕರ್ ಇದೆ, ಎಲ್ಲರಿಗೂ ಕೇಳುತ್ತೆ. ತೆಗೀರಿ."

ಅವನು ಹೆಡ್‌ಫೋನ್ ತೆಗೆದ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಾಣದಿದ್ದ ಕಿವಿಗಳು ಕಂಡವು. ಅಷ್ಟು ದೂರದ, ಮಸುಕು ಮಸುಕಾದ ಪರದೆಯಲ್ಲೂ ಅವು ಬೆಂದ ಹಾಗೆ ಕೆಂಪಗಿದ್ದವು. ಅವಳು ಕುರ್ಚಿಯಲ್ಲಿ ಮುಂದೆ ಸರಿದು ಕೂತಳು.

ಜಡ್ಜಮ್ಮ ಫೈಲು ತಿರುವಿದರು. "ನೀವು ಡ್ಯೂಟಿ ಮಧ್ಯೆ ಬಂದಿದ್ದೀರಲ್ಲ, ಬೇಗ ಮುಗಿಸೋಣವಾ?"

"ಪರವಾಗಿಲ್ಲ ಮೇಡಂ. ನಾನೀಗ ಫೀಲ್ಡಿಗೆ ಹೋಗ್ತಿಲ್ಲ."

ಅವನ ತಲೆ ಥಟ್ಟನೆ ಮೇಲೆದ್ದಿತು.

"ಸರಿ. ವಿಚ್ಛೇದನಕ್ಕೆ ನಿಮ್ಮ ಒಪ್ಪಿಗೆ ಈಗಲೂ ಇದೆಯಾ?"

ಬೆಳಗಿನ ಸಾಲಿನಲ್ಲಿ ನಿಂತು ನಿಂತು ಅಭ್ಯಾಸವಾದ ದನಿ ತಾನಾಗಿ ಹೊರಬಂತು. "ಇದೆ ಮೇಡಂ."

"ನಿಮ್ಮದು?"

ಅವನು ಜಡ್ಜಮ್ಮನ ಕಡೆ ನೋಡಲೇ ಇಲ್ಲ. ಪರದೆಯ ಕಡೆ ತಿರುಗಿ, "ಏನಂದೆ? ಫೀಲ್ಡಿಗೆ ಹೋಗ್ತಿಲ್ವಾ? ಇವತ್ತೊಂದಿನಾನಾ?" ಎಂದು ಕೇಳಿದ.

"ಎಷ್ಟೋ ದಿನ ಆಯ್ತು."

"ನಾಳೆ?"

"ಇಲ್ಲ."

"ನಾಡಿದ್ದು?"

"ಇಲ್ಲ ಅಂದ್ನಲ್ಲಪ್ಪ. ಹೆಲ್ಮೆಟ್ ಗಾಜು ತೊಳ್ಕೊಂಡು ಕೂತಿದೀನಿ."

"ನೀರು ಹಾಕಿ ತಾನೆ?"

"ಹ್ಞೂಂ, ನೀರು ಹಾಕಿನೇ."

"ಏನ್ರೀ ನಡೀತಿದೆ ಇಲ್ಲಿ?" ಎಂದರು ಜಡ್ಜಮ್ಮ. "ನಾನು ಕೇಳಿದ್ದಕ್ಕೆ ಉತ್ತರ ಕೊಡಿ. ಒಪ್ಪಿಗೆ ಇದೆಯಾ?"

"ಇಲ್ಲ ಮೇಡಂ," ಎಂದ ಅವನು. "ಒಂಚೂರೂ ಇಲ್ಲ. ಯಾವತ್ತೂ ಇರಲಿಲ್ಲ."

ಜಡ್ಜಮ್ಮ ಫೈಲಿನ ಹಿಂದಿನ ಹಾಳೆ ತಿರುವಿ ನೋಡಿದರು.

"ಹೋದ ಸಲ ಇದೆ ಅಂದಿದ್ರಲ್ರೀ?"

"ಆಗ ಇವಳು ಬಾಂಬ್ ತೆಗೀತಿದ್ಲು ಮೇಡಂ. ಇಲ್ಲ ಅಂದಿದ್ರೆ ಜಗಳ ಆಗೋದು. ನನ್ನ ಹತ್ರ ಜಗಳ ಆಡ್ಕೊಂಡು ಹೋಗಿ ಬಾಂಬ್ ಮುಂದೆ ಕೂತು, ಕೈ ನಡುಗಿದ್ರೆ? ಮನೆ ಚೆನ್ನಾಗಿರಬೇಕು ಅಂತ ಇವಳ ಕ್ಯಾಪ್ಟನ್ ನಮ್ಮನ್ನೆಲ್ಲ ಕೂರಿಸಿ ಹೇಳಿದ್ದಾರೆ. ಅದಕ್ಕೇ ಇವಳು ಏನು ಕೇಳಿದ್ರೂ ಹ್ಞೂಂ ಅಂದೆ. ಇದಕ್ಕೂ ಹ್ಞೂಂ ಅಂದೆ. ಈಗ ಹೇಗೂ ಗಾಜು ತೊಳೀತಿದ್ದಾಳಲ್ಲ, ಈಗ ಹೇಳ್ಬಹುದು. ನನಗೆ ಒಪ್ಪಿಗೆ ಇಲ್ಲ."

"ಅಯ್ಯೋ ಮಾರಾಯಾ, ನಾನು ಹೇಳಿದ್ದು ಹಾಗಲ್ಲ!" ಎಂದು ಮೂಲೆಯಿಂದ ದನಿ ಬಂತು.

"ಅದ್ಯಾರು?" ಎಂದರು ಜಡ್ಜಮ್ಮ.

ಕ್ಯಾಪ್ಟನ್ ತಪ್ಪು ಮಾಡಿದ ಹುಡುಗನಂತೆ ಎದ್ದು ನಿಂತರು. "ಇವರ ಕ್ಯಾಪ್ಟನ್ ಮೇಡಂ. ಚೆನ್ನಾಗಿರಿ ಅಂದೆ, ಚೆನ್ನಾಗಿರೋ ಹಾಗೆ ನಾಟಕ ಆಡಿ ಅನ್ಲಿಲ್ಲ. ಸರಿ ಇಲ್ಲದಿದ್ರೆ ನನಗೆ ಗೊತ್ತಾಗಬೇಕು ಅಂತಾನೇ ದಿನಾ ಬೆಳಿಗ್ಗೆ ಕೇಳೋದು."

ಜಡ್ಜಮ್ಮ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಮೂವರನ್ನೂ ಒಂದು ಸುತ್ತು ನೋಡಿದರು. "ಒಬ್ಬರು ಒಪ್ಪದಿದ್ರೆ ಈ ಅರ್ಜಿ ನಿಲ್ಲಲ್ಲ. ಆದ್ರೆ ಆಯಮ್ಮನ ಮನಸ್ಸಲ್ಲಿ ಏನಿದೆಯೋ ಅದೂ ನನಗೆ ಕೇಳಬೇಕು. ಹೊರಗೆ ಹೋಗಿ ಫೋನಲ್ಲಿ ಮಾತಾಡ್ಕೊಂಡು ಬನ್ನಿ. ಅಷ್ಟರಲ್ಲಿ ಬೇರೆ ಕೇಸು ನೋಡ್ತೀನಿ."

ಅವಳು ಕೋಣೆಯ ಹಿಂದಿನ ನೆರಳಿಗೆ ಹೋಗಿ ಫೋನ್ ಹಿಡಿದಳು. ಅವನು ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದ. ಪರದೆಯಲ್ಲಿ ಅವಳ ಕಣ್ಣನ್ನೇ ಬಗ್ಗಿ ನೋಡಿದ.

"ಅತ್ತಿದೀಯ," ಎಂದ ಅವನು. "ಇವತ್ತಲ್ಲ. ನಿನ್ನೆ."

"ಧೂಳು."

"ಕನ್ನಡಕದವನ ಹತ್ರ ಧೂಳು ಅಂತೀಯಾ?"

"ಮುಚ್ಕೊಂಡು ನಾನು ಕೇಳಿದ್ದಕ್ಕೆ ಹೇಳು. ಏನೇನು ಮುಚ್ಚಿಟ್ಟಿದೀಯ? ಒಂದೊಂದಾಗಿ ಹೇಳು."

ಅವನು ಉಸಿರೆಳೆದುಕೊಂಡ. "ಅಮ್ಮ ಬಚ್ಚಲಲ್ಲಿ ಬಿದ್ರು. ಸೊಂಟದ ಮೂಳೆ. ಆಪರೇಷನ್ ಆಯ್ತು. ಈಗ ಪರವಾಗಿಲ್ಲ, ಕೋಲು ಹಿಡ್ಕೊಂಡು ನಾಲ್ಕು ಹೆಜ್ಜೆ ಹಾಕ್ತಾರೆ."

ಕುರ್ಚಿ, ಶಾಲು, ಬೀಸುವ ಕೈ ಎಲ್ಲ ಅವಳ ಕಣ್ಣ ಮುಂದೆ ಬಂದು ನಿಂತವು. ಹಳಬಳಾದೆ ಎಂದುಕೊಂಡಿದ್ದೆನಲ್ಲ ಎಂದು ಹಣೆ ಚಚ್ಚಿಕೊಂಡಳು.

"ನನ್ನ ಅತ್ತೆ ಕಣೋ ಅವ್ರು! ಬಿದ್ದು ಮೂಳೆ ಮುರ್ಕೊಂಡ್ರೆ ನನಗೆ ಹೇಳಲ್ವಾ ನೀನು?"

"ಹೇಳಿದ್ರೆ ನಿನ್ನ ಕೈ..."

"ನನ್ನ ಕೈ ನಂದು! ಏನು ತಡ್ಕೋಬೇಕು, ಏನು ತಡ್ಕೋಬಾರ್ದು ಅಂತ ನೀನ್ಯಾರೋ ತೀರ್ಮಾನ ಮಾಡೋಕೆ? ನಾನು ದಿನಾ ಬಾಂಬ್ ಮುಂದೆ ಕೂರ್ತೀನಿ, ನನಗೆ ಒಂದು ಸೊಂಟದ ಸುದ್ದಿ ತಡ್ಕೊಳ್ಳೋಕಾಗಲ್ವಾ? ಬಾ ನೀನು, ನಿನ್ನ ಸೊಂಟ ಮುರೀತೀನಿ!"

ಅವನು ನಗತೊಡಗಿದ. ಕಣ್ಣಲ್ಲಿ ನೀರು ತುಂಬಿಕೊಂಡೇ ನಗುತ್ತಿದ್ದ.

"ನಗು ಬೇರೆ ಬರುತ್ತಾ ನಿನಗೆ?"

"ನೀನು ನನ್ನನ್ನ ಹೀಗೆ ಬೈದು ಎಷ್ಟು ದಿನ ಆಯ್ತು ಕಣೇ. ಇನ್ನೂ ಸ್ವಲ್ಪ ಬೈ."

"ಮಿಕ್ಕಿದ್ದು ಹೇಳು ಮೊದಲು."

ಅವನು ಹೇಳಿದ. ಅಮ್ಮನನ್ನು ನೋಡಿಕೊಳ್ಳಬೇಕಾದ್ದರಿಂದ ಅಂಗಡಿ ಅರ್ಧ ದಿನವೇ ತೆರೆಯುವುದು. ಅಡುಗೆಮನೆಯ ನಲ್ಲಿ ಇವತ್ತಿಗೂ ಸೋರುತ್ತಿದೆ, ಬಟ್ಟೆ ಕಟ್ಟಿಟ್ಟಿದ್ದಾನೆ. ದಿನಾ ಪಾತ್ರೆ ಸೀಯುತ್ತದೆ. ಮನೆಯಲ್ಲಿ ಚೊಕ್ಕಟವಾಗಿರುವುದು ಆ ನೀಲಿ ಗೋಡೆಯೊಂದೇ, ಅದಕ್ಕೇ ಯಾವಾಗಲೂ ಅಲ್ಲೇ ಕೂರುತ್ತಿದ್ದ. ಹೆಡ್‌ಫೋನ್ ಯಾಕೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

"ಮತ್ತೆ, ಇನ್ನೊಂದು ವರ್ಷ ಇರ್ಲಾ ಅಂದಾಗ?"

"ಆ ದಿನ ಹಿತ್ತಿಲಲ್ಲಿ ಹೋಗಿ ಅತ್ತುಬಿಟ್ಟೆ," ಎಂದ. "ನನಗೆ ನೀನು ಬೇಕು ಕಣೇ. ಅಮ್ಮನ್ನ ನೋಡ್ಕೊಳ್ಳೋಕೆ, ನಲ್ಲಿ ರಿಪೇರಿಗೆ ಅಂತಲ್ಲ. ಅದೆಲ್ಲ ಹೇಗೋ ಆಗುತ್ತೆ. ಸಂಜೆ ಅಂಗಡಿ ಮುಚ್ಚೋವಾಗ ಕಣ್ಣು ನೋಡೋ ಮಷಿನ್ ಒರೆಸ್ತೀನಲ್ಲ, ಗಲ್ಲ ಇಡೋ ಜಾಗ... ಅಲ್ಲಿ ದಿನಾ ಒಂದು ನಿಮಿಷ ನಿಂತ್ಬಿಡ್ತೀನಿ. ಎಷ್ಟು ಜನ ಬಂದು ನನ್ನ ಕಿವಿ ನೋಡ್ತಾರೆ. ನೀನು ನೋಡಿದ ಹಾಗೆ ಯಾರೂ ನೋಡಲ್ಲ."

ಅವಳು ಫೋನನ್ನು ಕಣ್ಣ ಹತ್ತಿರಕ್ಕೆ ಹಿಡಿದಳು. "ಕಿವಿ ತೋರಿಸು."

ಅವನು ಕತ್ತು ತಿರುಗಿಸಿ, ಫೋನನ್ನು ಕಿವಿಯ ಹತ್ತಿರ ಹಿಡಿದ. ಸ್ವಲ್ಪ ಅಗಲವಾದ ಕಿವಿ, ತುದಿಯಲ್ಲಿ ಮಚ್ಚೆ. ಕೆಂಪು ಎಲ್ಲೂ ಇರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು.

"ಇನ್ನೂ ಮುಗೀಲಿಲ್ವಾ?" ಎಂದ ಅವನು.

"ಇನ್ನು ಸ್ವಲ್ಪ ಇದೆ," ಎಂದಳು ಅವಳು.

ಮತ್ತೆ ಪರದೆಯ ಮುಂದೆ ಕೂತಾಗ ಜಡ್ಜಮ್ಮ ಕೇಳಿದರು, "ಏನಮ್ಮಾ, ಏನು ತೀರ್ಮಾನ?"

"ನನಗೂ ಒಪ್ಪಿಗೆ ಇಲ್ಲ ಮೇಡಂ. ಆದ್ರೆ ಒಂದು ಮಾತು ಕೋರ್ಟಿನ ಎದುರಿಗೇ ಆಗಲಿ. ಇನ್ನು ಮೇಲೆ ಇವನು ನನಗೆ ಕೆಟ್ಟ ಸುದ್ದಿ ಮೊದಲು ಹೇಳ್ಬೇಕು, ಒಳ್ಳೇದು ಆಮೇಲೆ. ಸೂಪರ್ ಅನ್ನೋ ಮಾತು ನಮ್ಮ ಮನೇಲಿ ಆಡಕೂಡದು."

"ಅದನ್ನೆಲ್ಲ ಆರ್ಡರಲ್ಲಿ ಬರೆಯೋಕಾಗಲ್ಲಮ್ಮ," ಎಂದರು ಜಡ್ಜಮ್ಮ. ಮುಖ ಗಂಭೀರವಾಗಿಯೇ ಇತ್ತು. "ಕೇಳಿಸ್ತೇನ್ರೀ?"

"ಕೇಳಿಸ್ತು ಮೇಡಂ. ಸೂಪ..." ಎಂದವನು ನಾಲಿಗೆ ಕಚ್ಚಿಕೊಂಡ.

ಅಂದು ಸಂಜೆ ಅವನು ಫೋನ್ ಹಿಡಿದುಕೊಂಡು ಇಡೀ ಮನೆ ಸುತ್ತಿಸಿದ. ಕೊಳಾಯಿಗೆ ಕಟ್ಟಿದ ಬಟ್ಟೆ, ತೊಳೆಯದ ಪಾತ್ರೆಗಳ ರಾಶಿ, ಒಣಗಿಹೋದ ಗಿಡಗಳು, ಒಂದೊಂದನ್ನೂ ಅವಳು ಕಣ್ತುಂಬ ನೋಡಿದಳು. ಇಷ್ಟು ಕೊಳಕಾದ ಮನೆಯನ್ನು ಇಷ್ಟು ಪ್ರೀತಿಯಿಂದ ಯಾರೂ ನೋಡಿರಲಾರರು.

"ಕೊಡೋ ಇಲ್ಲಿ ಫೋನು!" ಎಂದು ಒಳಗಿನ ಮಂಚದಿಂದ ದನಿ ಬಂತು. ಅತ್ತೆ ಫೋನ್ ಕಿತ್ತುಕೊಂಡರು. "ನೋಡಮ್ಮಾ, ನನ್ನನ್ನ ಎತ್ತಿ ಕುರ್ಚೀಲಿ ಕೂರಿಸೋದು, ಶಾಲು ಹೊದಿಸೋದು, ಕೈ ಬೀಸು ಅನ್ನೋದು. ಗೊಂಬೆ ಆಡಿಸಿದ ಹಾಗೆ ಆಡಿಸಿದಾನೆ ನನ್ನ. ಬೈ ಇವನಿಗೆ."

"ಬೈದೆ ಅತ್ತೆ. ನೀವಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನಿನಗೆ ಏನಾದ್ರೂ ಆಗುತ್ತೆ ಅಂತ ಹೆದರಿಸಿಬಿಟ್ಟಿದ್ನಲ್ಲಮ್ಮ," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಯಾವಾಗ ಬರ್ತೀಯ?"

"ಡ್ಯೂಟಿ ಮುಗಿದ ಕೂಡ್ಲೇ ಬರ್ತೀನಿ. ಇನ್ನೊಂದು ವರ್ಷ ಇರಲ್ಲ ಅಂತ ಆಗಲೇ ಹೇಳಿ ಬಂದೆ."

ಅತ್ತೆಯ ಭುಜದ ಹಿಂದಿನಿಂದ ಅವನು ಇಣುಕಿದ. "ನಾಳೆನೂ ಗಾಜು ತೊಳಿಯೋದು ತಾನೆ?"

"ಕ್ಯಾಪ್ಟನ್ ಕೇಳ್ತಾರಲ್ಲ, ನೋಡೋಣ," ಎಂದಳು. ಅವನ ಮುಖ ಬಾಡಿತು. ಬಾಡಿದ್ದನ್ನು ಈ ಸಲ ಅವನು ಮುಚ್ಚಿಡಲಿಲ್ಲ.

ಬೆಳಿಗ್ಗೆ ಸಾಲು ನಿಂತಿತು. ಕ್ಯಾಪ್ಟನ್ ಒಬ್ಬೊಬ್ಬರನ್ನೇ ಕೇಳುತ್ತಾ ಬಂದು ಅವಳ ಮುಂದೆ ನಿಂತರು.

"ಮನೆ ಹೇಗಿದೆ, ಸಾರ್ಜೆಂಟ್?"

"ಅತ್ತೆ ಸೊಂಟ ಮುರ್ಕೊಂಡು ಮಲಗಿದ್ದಾರೆ ಸರ್. ಅಂಗಡಿ ಅರ್ಧ ದಿನ ಮುಚ್ಚಿರುತ್ತೆ. ನಲ್ಲಿ ಸೋರ್ತಿದೆ. ಗಿಡ ಎಲ್ಲ ಒಣಗಿವೆ. ಗಂಡ ದಿನಾ ಪಾತ್ರೆ ಸೀಸ್ತಾನೆ. ಎರಡು ಸೈಜ್ ಇಳಿದಿದ್ದಾನೆ, ಶರ್ಟಿಗೆ ಗುಂಡಿ ಇಲ್ಲ. ನಾನು ಇಲ್ಲದೆ ಅವನ ಕೈಲಿ ಏನೂ ಆಗ್ತಿಲ್ಲ ಸರ್."

ರೇಡಿಯೋ ಹುಡುಗಿ ತುಟಿ ಕಚ್ಚಿಕೊಂಡು ನಿಂತಿದ್ದಳು.

"ಅಂದ್ರೆ?" ಎಂದರು ಕ್ಯಾಪ್ಟನ್.

"ಚೆನ್ನಾಗಿದೆ ಸರ್."

"ಕೈ ಚಾಚು."

ಅವಳು ಎರಡೂ ಕೈಗಳನ್ನು ಮುಂದೆ ಚಾಚಿ ಹಿಡಿದಳು. ಕ್ಯಾಪ್ಟನ್ ಬಗ್ಗಿ, ಬೆರಳ ತುದಿಗಳನ್ನೇ ದಿಟ್ಟಿಸಿ ನೋಡುತ್ತಾ ಬಹಳ ಹೊತ್ತು ನಿಂತರು. ಆಮೇಲೆ, ಗಾಜು ತೊಳೆ ಎನ್ನದೆ, ಮುಂದಿನವನ ಕಡೆ ನಡೆದರು.

ಅವಳು ಹೆಲ್ಮೆಟ್ ಎತ್ತಿ ತಲೆಗೆ ಹಾಕಿಕೊಂಡು, ತೊಳೆದ ಗಾಜನ್ನು ಇಳಿಬಿಟ್ಟಳು. ಗಲ್ಲದ ಕೆಳಗೆ ಕೊಂಡಿ ಮೊದಲ ಸಲಕ್ಕೇ ಸಿಕ್ಕಿತು.